ಲಕ್ವದ ಮೊದಲ ವಾರಗಳಲ್ಲಿ ಭುಜ ಕಾಪಾಡಿ, ಎದ್ದು ನಿಲ್ಲಿಸುವ ಬಗೆ

ಲಕ್ವ ಹೊಡೆದವರನ್ನು ಯಾವಾಗ ಎಬ್ಬಿಸಿ ಕೂರಿಸಬೇಕು ಎಂದು ಮನೆಯವರು ಮೊದಲು ಕೇಳುತ್ತಾರೆ. ಮೊದಲ 24 ಗಂಟೆಯಲ್ಲಿ ನಾನು ಆತುರ ಮಾಡುವುದಿಲ್ಲ. 2015ರ ‘ಅವರ್ಟ್’ ಅಧ್ಯಯನದಲ್ಲಿ ಬೇಗನೆ ಶುರುಮಾಡಿ ಹೆಚ್ಚು ಹೊತ್ತು ಎಬ್ಬಿಸಿದವರ ಚೇತರಿಕೆ ಮೂರು ತಿಂಗಳಲ್ಲಿ ಕೊಂಚ ಹಿಂದೆಯೇ ಉಳಿದಿತ್ತು. ಡಾಕ್ಟರು ಒಪ್ಪಿದ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹಲವು ಸಲ ಕೂರಿಸುತ್ತೇನೆ. ಕೂರಿಸುವ ಮುನ್ನ ಬಿ.ಪಿ. ನೋಡುತ್ತೇನೆ, ಕೂತ ಮೇಲೆ ಮತ್ತೆ ನೋಡುತ್ತೇನೆ. ಮೇಲಿನ ಅಂಕಿ 20ರಷ್ಟು ಇಳಿದರೆ ಅಥವಾ ತಲೆ ಸುತ್ತಿದರೆ ಮಲಗಿಸಿಬಿಡುತ್ತೇನೆ.

ಈ ಹೊತ್ತಿನಲ್ಲಿ ಹೆಚ್ಚು ಕೆಡುವುದು ಭುಜ. ಸ್ನಾಯುಗಳು ಸಡಿಲವಾಗಿರುವುದರಿಂದ ಕೈಯ ಭಾರವೇ ತೋಳಿನ ಮೂಳೆಯನ್ನು ಕೀಲಿನಿಂದ ಕೆಳಕ್ಕೆ ಜಗ್ಗುತ್ತದೆ. ಭುಜದ ತುದಿಯ ಕೆಳಗೆ ಬೆರಳು ಹಿಡಿಸುವಷ್ಟು ಗುಳಿ ಬೀಳುತ್ತದೆ. ಆಗ ಯಾರಾದರೂ ಕೈ ಹಿಡಿದು ಎಳೆದರೆ, ಕಂಕುಳಿಗೆ ಕೈ ಹಾಕಿ ಎತ್ತಿದರೆ ನೋವು ಹತ್ತಿಕೊಳ್ಳುತ್ತದೆ. ನೋವು ಬಂದ ಕೈಯನ್ನು ರೋಗಿ ಮುಟ್ಟಲೂ ಬಿಡುವುದಿಲ್ಲ, ವ್ಯಾಯಾಮ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಕೂತಾಗ ಮೊಣಕೈಯಿಂದ ಬೆರಳಿನವರೆಗೆ ದಿಂಬಿನ ಮೇಲೆ ಇರಬೇಕು. ಕೈಯನ್ನು ಕುತ್ತಿಗೆಯಿಂದ ತೂಗುಹಾಕುವ ಜೋಳಿಗೆಯನ್ನು (ಸ್ಲಿಂಗ್) ನಿಂತಾಗ, ನಡೆಯುವಾಗ ಮಾತ್ರ ಹಾಕಿ. ಇಡೀ ದಿನ ಹಾಕಿದರೆ ಕೈ ಮಡಿಚಿದಂತೆಯೇ ಬಿಗಿಯುತ್ತದೆ. ಅಂಗಿ ಹಾಕುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಬಾಗಿಲಿಗೆ ರಾಟೆ ಕಟ್ಟಿ ಒಳ್ಳೆಯ ಕೈಯಿಂದ ಸೋತ ಕೈಯನ್ನು ಮೇಲಕ್ಕೆಳೆಸುವುದು ಬೇಡವೇ ಬೇಡ. ಬೆನ್ನಿನ ಹಲಗೆಮೂಳೆ ಜೊತೆಗೆ ತಿರುಗದೆ ತೋಳು ಮಾತ್ರ ಮೇಲೇರಿದರೆ ಭುಜದೊಳಗಿನ ಮೆದುಭಾಗ ಜಜ್ಜುತ್ತದೆ. ನಾನು ಎತ್ತುವಾಗ ಒಂದು ಕೈ ಆ ಹಲಗೆಮೂಳೆಯ ಮೇಲಿರುತ್ತದೆ, ರೋಗಿಯ ಹೆಬ್ಬೆರಳು ಮೇಲ್ಮುಖವಾಗಿರುತ್ತದೆ, ಭುಜದ ಮಟ್ಟ ದಾಟಿಸುವುದಿಲ್ಲ.

ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಿ. ಸೋತ ಮಗ್ಗುಲಿಗೂ ಮಲಗಿಸಬಹುದು, ಆದರೆ ಭುಜ ಮೈಯಡಿ ಸಿಕ್ಕಿಕೊಳ್ಳದಂತೆ ಮುಂದಕ್ಕೆ ತಂದಿಡಬೇಕು.

ಕಾಲಿಗೆ ನಾನು ಹೆಚ್ಚು ಮಾಡಿಸುವುದು ಕುರ್ಚಿಯಿಂದ ಏಳುವುದನ್ನೇ. ಮಲಗಿಸಿ ಕಾಲು ಮಡಿಸಿ ಚಾಚುವುದರಿಂದ ಕೀಲು ಸಡಿಲವಾಗಿರುತ್ತದೆ, ನಿಲ್ಲುವ ಕಲೆ ಬರುವುದಿಲ್ಲ. ಕೈಯಿರುವ ಗಟ್ಟಿ ಕುರ್ಚಿಯ ಮೇಲೆ ದಪ್ಪ ಮೆತ್ತೆ ಹಾಕಿ ಎತ್ತರ ಮಾಡಿ. ಪಾದಗಳು ಮೊಣಕಾಲಿಗಿಂತ ತುಸು ಹಿಂದೆ, ಹಿಮ್ಮಡಿ ನೆಲಕ್ಕೆ. ಮೂಗು ಕಾಲ್ಬೆರಳನ್ನು ದಾಟುವಷ್ಟು ಮುಂದೆ ಬಾಗಿದ ಮೇಲೆಯೇ ಏಳಿಸಿ. ಬಾಗದೆ ಎದ್ದರೆ ಹಿಂದಕ್ಕೆ ಬೀಳುತ್ತಾರೆ. ನೀವು ಸೋತ ಬದಿಯಲ್ಲಿ ನಿಂತು ಸೊಂಟದ ಬೆಲ್ಟ್ ಹಿಡಿಯಿರಿ, ಅವರ ಮೊಣಕಾಲು ಕುಸಿಯದಂತೆ ನಿಮ್ಮ ಮೊಣಕಾಲಿನಿಂದ ತಡೆಯಿರಿ. ಐದು ಸಲ ಎದ್ದು ಕೂತು ವಿಶ್ರಾಂತಿ. ದಿನದಲ್ಲಿ ನಾಲ್ಕೈದು ಹೊತ್ತು. ಸುಲಭವಾದಂತೆ ಮೆತ್ತೆ ತೆಗೆಯಿರಿ.

ಬಹಳ ಜನ ಒಳ್ಳೆಯ ಕಾಲಿನ ಮೇಲೆಯೇ ಭಾರ ಹಾಕಿ ಎದ್ದುಬಿಡುತ್ತಾರೆ, ನೋಡುವವರಿಗೆ ಗೊತ್ತೇ ಆಗುವುದಿಲ್ಲ. ತೂಕ ನೋಡುವ ಎರಡು ಯಂತ್ರಗಳನ್ನು ತಂದು ಒಂದೊಂದು ಪಾದದಡಿ ಇಟ್ಟರೆ ಅಂಕಿ ಹೇಳಿಬಿಡುತ್ತದೆ. 60 ಕೆ.ಜಿ. ತೂಕದವರ ಸೋತ ಕಾಲಿನಡಿ 10 ಕಂಡರೆ, ಒಳ್ಳೆಯ ಪಾದವನ್ನು ಸ್ವಲ್ಪ ಮುಂದಿಟ್ಟು ಏಳಿಸಿ. ಆಗ ಸೋತ ಕಾಲು ಕೆಲಸ ಮಾಡಲೇಬೇಕಾಗುತ್ತದೆ.