ಹಬ್ಬದ ಚಿಂತನೆ ಬರೆಯುವ ಬಗೆ: ಕಾಫಿ ಸೀಮೆಯ ಕನ್ಯಾಮಠದಿಂದ

ಆಗಮನ ಕಾಲಕ್ಕೆ, ಅಂದರೆ ಕ್ರಿಸ್ಮಸ್ಸಿಗೆ ಸಿದ್ಧರಾಗುವ ವಾರಗಳಿಗೆ, ನಾನು ಬರೆದ ಮೊದಲ ಚಿಂತನೆಯಲ್ಲಿ, ಕೂಡಿದವರ ಮುಂದೆ ಓದುವ ಪುಟ್ಟ ಬರಹದಲ್ಲಿ, ಹಿಮವಿತ್ತು, ಪೈನ್ ಮರವಿತ್ತು, ಅಗ್ಗಿಷ್ಟಿಕೆಯೂ ಇತ್ತು. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಲೈನಿನಲ್ಲಿ (ಕೆಲಸದವರ ಸಾಲುಮನೆಗಳಲ್ಲಿ), ದಿನವಿಡೀ ಹಣ್ಣು ಕೊಯ್ದು ಬಂದು ಕೈಯ ಅಂಟನ್ನು ಇನ್ನೂ ತೊಳೆದುಕೊಳ್ಳದ ಹೆಂಗಸರ ಮುಂದೆ ಅದನ್ನು ಓದಿದೆ. ಎಲ್ಲರೂ ಗೌರವದಿಂದ ಕೇಳಿದರು. ಕೊನೆಗೆ ವಯಸ್ಸಾದ ತಾಯಿಯೊಬ್ಬರು, "ಚೆನ್ನಾಗಿತ್ತು ಸಿಸ್ಟರ್, ಇದು ಯಾವ ಊರಿನ ಹಬ್ಬ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು. ಅಂದಿನಿಂದ ಚಿಂತನೆ ಬರೆಯುವಾಗ ನಾನು ಎರಡೇ ವಸ್ತುಗಳನ್ನು ಹುಡುಕುತ್ತೇನೆ: ಆ ದಿನದ ವಾಚನದಿಂದ, ಅಂದರೆ ಪೂಜೆಯಲ್ಲಿ ಓದುವ ಬೈಬಲ್ ಭಾಗದಿಂದ, ಒಂದು ಮಾತು, ಆ ವಾರ ನಮ್ಮ ಊರಿನಲ್ಲಿ ನನ್ನ ಕಣ್ಣಿಗೆ ಬಿದ್ದ ಒಂದು ಸಂಗತಿ. ಹೊಸದಾಗಿ ವ್ರತ ಪಡೆದು ಬಂದ ತಂಗಿಯರು ಕೇಳಿದಾಗಲೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ.

ಮೊದಲು ಪಂಚಾಂಗವನ್ನು ಸರಿಪಡಿಸಿಕೊಳ್ಳಬೇಕು. ಶ್ರೀಸಭೆಯ, ಅಂದರೆ ಕಥೋಲಿಕ ಧರ್ಮಸಭೆಯ, ವರ್ಷ ಜನವರಿಯಲ್ಲಿ ಆರಂಭವಾಗುವುದಿಲ್ಲ. ನವೆಂಬರ್ 30ರ ಸಂತ ಅಂದ್ರೆಯರ ಹಬ್ಬಕ್ಕೆ ಅತಿ ಸಮೀಪದ ಭಾನುವಾರ, ಅಂದರೆ ಆಗಮನ ಕಾಲದ ಮೊದಲ ಭಾನುವಾರ ಆರಂಭವಾಗುತ್ತದೆ. ಭಾನುವಾರದ ವಾಚನಗಳು ಮೂರು ವರ್ಷಗಳ ಸುತ್ತಿನಲ್ಲಿ ಬರುತ್ತವೆ: ಎ ವರ್ಷದಲ್ಲಿ ಮತ್ತಾಯನ ಶುಭಸಂದೇಶ (ಯೇಸುವಿನ ಬದುಕನ್ನು ಹೇಳುವ ಬೈಬಲ್ ಪುಸ್ತಕ), ಬಿ ವರ್ಷದಲ್ಲಿ ಮಾರ್ಕ, ಸಿ ವರ್ಷದಲ್ಲಿ ಲೂಕ. ಯೊವಾನ್ನರ ಶುಭಸಂದೇಶಕ್ಕೆ ತನ್ನದೇ ಆದ ವರ್ಷವಿಲ್ಲ. ಅದು ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿಯೂ ಈಸ್ಟರಿನಿಂದ ಆರಂಭವಾಗುವ ಪಾಸ್ಖ ಕಾಲದಲ್ಲಿಯೂ ಹೆಚ್ಚಾಗಿ ಕೇಳಿಬರುತ್ತದೆ. ಇಸವಿಯನ್ನು ಮೂರರಿಂದ ಭಾಗಿಸಿದಾಗ ಶೇಷ ಉಳಿಯದಿದ್ದರೆ ಅದು ಸಿ ವರ್ಷ, ಒಂದು ಉಳಿದರೆ ಎ, ಎರಡು ಉಳಿದರೆ ಬಿ. ಆದರೆ 2026ರ ನವೆಂಬರ್ 29ರಂದು ಬರುವ ಆಗಮನ ಕಾಲವನ್ನು 2027ರ ಲೆಕ್ಕಕ್ಕೇ ಹಾಕಬೇಕು. ಆದ್ದರಿಂದ ಅದು ಬಿ ವರ್ಷ. ಈ ಒಂದು ಗೊಂದಲದಿಂದ ತಪ್ಪು ಶುಭಸಂದೇಶದ ಮೇಲೆ ಸೊಗಸಾದ ಚಿಂತನೆ ಬರೆದಿಟ್ಟವರನ್ನು ನಾನು ಕಂಡಿದ್ದೇನೆ, ಒಮ್ಮೆ ಕನ್ನಡಿಯಲ್ಲಿಯೂ ಕಂಡಿದ್ದೇನೆ. ದಿನವು ಮಹೋತ್ಸವವೋ, ಅದಕ್ಕಿಂತ ಕೆಳಗಿನ ದರ್ಜೆಯ ಹಬ್ಬವೋ, ಬರಿಯ ಸ್ಮರಣೆಯೋ ಎಂಬುದನ್ನೂ ನೋಡಿಕೊಳ್ಳಿ. ಸ್ಮರಣೆಯ ದಿನ ಸಾಮಾನ್ಯವಾಗಿ ಆ ವಾರದ ದಿನದ ವಾಚನವೇ ಇರುತ್ತದೆ, ಸಂತರ ಜೀವನಚರಿತ್ರೆಯನ್ನು ಪೂರ್ತಿ ಹೇಳಬೇಕಾಗಿಲ್ಲ.

ನಾವು ಬರೆಯುವುದು ಪ್ರಬೋಧನೆಯಲ್ಲ. ಬಲಿಪೂಜೆಯೊಳಗಿನ (ಮಾಸ್‌ನೊಳಗಿನ) ಪ್ರಬೋಧನೆ 1983ರ ಶ್ರೀಸಭೆಯ ಕಾನೂನು ಸಂಹಿತೆಯ 767ನೇ ವಿಧಿಯ ಪ್ರಕಾರ ಯಾಜಕರಿಗೆ ಮತ್ತು ಸೇವಾದೀಕ್ಷಿತರಿಗೆ (ಡೀಕನ್‌ಗಳಿಗೆ) ಮೀಸಲಾಗಿದೆ. ನಮ್ಮ ಚಿಂತನೆ ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆಯಲ್ಲಿ, ವಾರ್ಡಿನ ಕೂಟದಲ್ಲಿ, ಮನೆಯ ಜಪಸರದ ನಂತರ, ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ, ಈಚೆಗೆ ವಾಟ್ಸಾಪಿನಲ್ಲಿಯೂ ಓದಿಸಿಕೊಳ್ಳುತ್ತದೆ. ಆದ್ದರಿಂದ ಬೋಧಿಸುವ ದನಿ ಬೇಡ. ಒಟ್ಟಿಗೆ ಕುಳಿತು ನೋಡುವ ದನಿ ಸಾಕು. "ನಾವು ಮಾಡಬೇಕು, ನಾವು ಆಗಬೇಕು" ಎಂಬ ಬೇಕುಗಳು ಮೂರಕ್ಕಿಂತ ಹೆಚ್ಚಾದರೆ ನಾನು ಆ ಹಾಳೆಯನ್ನು ಮೊದಲಿನಿಂದ ಬರೆಯುತ್ತೇನೆ.

ವಾಚನವನ್ನು ಹಬ್ಬಕ್ಕೆ ಒಂದು ವಾರ ಮೊದಲೇ ಓದಿ, ಕನಿಷ್ಠ ಒಂದು ಸಲವಾದರೂ ಗಟ್ಟಿಯಾಗಿ ಓದಿ. ಓದುವಾಗ ನಾಮಪದಗಳಿಗಿಂತ ಕ್ರಿಯಾಪದಗಳ ಮೇಲೆ ಕಣ್ಣಿಡಿ. ಪ್ರೀತಿ, ಕರುಣೆ, ವಿಶ್ವಾಸ ಎಂಬ ದೊಡ್ಡ ಪದಗಳು ಎಲ್ಲ ಹಬ್ಬಗಳಿಗೂ ಹೊಂದುತ್ತವೆ, ಹಾಗಾಗಿ ಯಾವ ಹಬ್ಬವನ್ನೂ ತೆರೆದು ತೋರಿಸುವುದಿಲ್ಲ. ಓಡಿದಳು, ಬಗ್ಗಿ ನೋಡಿದನು, ಕಾದರು ಎಂಬ ಸಣ್ಣ ಮಾತುಗಳು ತೋರಿಸುತ್ತವೆ.

ಆಗಮನ ಕಾಲವನ್ನೇ ತೆಗೆದುಕೊಳ್ಳೋಣ. ಬಹಳ ಮಂದಿ ಮೊದಲ ಭಾನುವಾರದಿಂದಲೇ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ) ಬಗ್ಗೆ ಬರೆಯತೊಡಗುತ್ತಾರೆ. ವಾಚನಗಳು ಹಾಗಿಲ್ಲ: ಮೊದಲ ಭಾನುವಾರ ಪ್ರಭುವಿನ ಅಂತಿಮ ಆಗಮನ, ಎರಡನೆಯ ಮತ್ತು ಮೂರನೆಯ ಭಾನುವಾರ ಸ್ನಾನಿಕ ಯೊವಾನ್ನ, ಬೆತ್ಲೆಹೇಮಿನ ಬಾಗಿಲು ತೆರೆಯುವುದು ನಾಲ್ಕನೆಯ ಭಾನುವಾರ ಮಾತ್ರ. ಆಗಲೂ ಎ ವರ್ಷದಲ್ಲಿ ಜೋಸೆಫರ ಕನಸು, ಬಿ ವರ್ಷದಲ್ಲಿ ಮರಿಯಮ್ಮನವರಿಗೆ ದೂತನ ಸಂದೇಶ, ಸಿ ವರ್ಷದಲ್ಲಿ ಎಲಿಜಬೇತಳ ಭೇಟಿ. ಬಿ ವರ್ಷದ ಮೊದಲ ಭಾನುವಾರ ಓದುವುದು ಮಾರ್ಕನ 13ನೇ ಅಧ್ಯಾಯದ ಕೊನೆಯ ಭಾಗ. ಮನೆಯೊಡೆಯ ಪರಸ್ಥಳಕ್ಕೆ ಹೋಗುವಾಗ ಬಾಗಿಲು ಕಾಯುವವನಿಗೆ ಎಚ್ಚರವಾಗಿರಲು ಹೇಳುತ್ತಾನೆ. ಒಡೆಯ ಬರುವುದು ಸಂಜೆಯೋ, ನಡುರಾತ್ರಿಯೋ, ಕೋಳಿ ಕೂಗುವಾಗಲೋ, ಬೆಳಗಿನಲ್ಲೋ ಗೊತ್ತಿಲ್ಲ. ಈ ನಾಲ್ಕು ಜಾವಗಳನ್ನು ಬೆರಳಿಟ್ಟು ಎಣಿಸಿ, ಮುಂದಿನ ಪುಟಗಳಿಗೆ ಹೋಗಿ ನೋಡಿ: ಸಂಜೆ ಯೇಸುವಿನ ಕೊನೆಯ ಭೋಜನ, ರಾತ್ರಿ ಅವರ ಬಂಧನವಾದ ಗೆತ್ಸೆಮನಿ, ಕೋಳಿ ಕೂಗುವಾಗ ಪೇತ್ರರ ನಿರಾಕರಣೆ, ಬೆಳಗಾಗುತ್ತಲೇ ಪಿಲಾತನ ಎದುರು. ಶಿಷ್ಯರು ಕಾಯಬೇಕಿದ್ದ ಜಾವಗಳು ಅವೇ.

ಇನ್ನು ಊರಿನ ಸಂಗತಿ. ನಮ್ಮಲ್ಲಿ ಆ ಹೊತ್ತಿಗೆ ಅರೇಬಿಕಾ ಕೊಯ್ಲು ನಡೆದಿರುತ್ತದೆ. ಗಿಡದ ಹಣ್ಣೆಲ್ಲ ಒಂದೇ ಸಲ ಕೆಂಪಾಗುವುದಿಲ್ಲ. ಆದ್ದರಿಂದ ಕೊಯ್ಯುವವರು ಹಸಿರು ಕಾಯಿಯನ್ನು ಬಿಟ್ಟು, ಕೆಲವು ದಿನಗಳ ನಂತರ ಅದೇ ಗಿಡಕ್ಕೆ ಮತ್ತೆ ಬರುತ್ತಾರೆ. ಕಣದಲ್ಲಿ ಹರವಿದ ಕಾಫಿಗೆ ಡಿಸೆಂಬರಿನ ಅಕಾಲ ಮಳೆಯ ಭಯವಿದೆ. ಮೋಡ ಕಂಡರೆ ರಾತ್ರಿ ಎಷ್ಟು ಹೊತ್ತಾದರೂ ಎದ್ದು ಟಾರ್ಪಾಲು ಹೊದಿಸುವವರಿದ್ದಾರೆ. ಎಚ್ಚರವೆಂದರೆ ಹೆದರಿ ಕುಳಿತಿರುವುದಲ್ಲ, ಮಾಡುತ್ತಿರುವ ಕೆಲಸದಲ್ಲಿಯೇ ಕಿವಿಯನ್ನು ಆಕಾಶದ ಕಡೆಗೆ ಇಟ್ಟಿರುವುದು ಎಂದು ಕಣ ಕಾಯುವವರಿಗೆ ಯಾರೂ ವಿವರಿಸಬೇಕಾಗಿಲ್ಲ. ಚಿಂತನೆಯಲ್ಲಿ ನಾನು ಆ ಟಾರ್ಪಾಲನ್ನು ಇಟ್ಟು ಸುಮ್ಮನಾಗುತ್ತೇನೆ. "ಅದರಂತೆಯೇ ನಾವೂ" ಎಂದು ಮುಂದುವರಿಸುವುದಿಲ್ಲ.

ಕ್ರಿಸ್ಮಸ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ದಿನ ಜನ ಕೇಳುವ ಸ್ಥಿತಿಯಲ್ಲಿರುವುದಿಲ್ಲ, ಅದು ತಪ್ಪೂ ಅಲ್ಲ. ಹತ್ತು ಸಾಲು ಸಾಕು. ಮಗು ಯೇಸುವನ್ನು ದೇವಾಲಯಕ್ಕೆ ತಂದು ಅರ್ಪಿಸಿದ್ದನ್ನು ನೆನೆಯುವ ಫೆಬ್ರವರಿ 2ರ ಪ್ರಭುವಿನ ಸಮರ್ಪಣೆಯ ಹಬ್ಬಕ್ಕೆ ಮಾತ್ರ ಸ್ವಲ್ಪ ಸಮಯ ಕೊಡಿ. ದೀಪಗಳನ್ನು ಆಶೀರ್ವದಿಸುವ ಈ ದಿನವನ್ನು ಪೋಪ್ ಎರಡನೇ ಜಾನ್ ಪಾಲ್ 1997ರಲ್ಲಿ ಸಮರ್ಪಿತ ಜೀವನದ ದಿನವನ್ನಾಗಿಯೂ ಮಾಡಿದರು. ಧರ್ಮಭಗಿನಿಯರು ಅಂದು ತಮ್ಮ ಬಗ್ಗೆಯೇ ಬರೆದುಕೊಳ್ಳುವ ಅಪಾಯವಿದೆ. ಲೂಕ ಅಂದು ತೋರಿಸುವುದು ಸಿಮೆಯೋನನನ್ನು ಮತ್ತು ದೇವಾಲಯವನ್ನು ಬಿಟ್ಟುಹೋಗದ ಮುದುಕಿ ಅನ್ನಳನ್ನು. ಮಠದ ಹಿರಿಯ ಸಿಸ್ಟರೊಬ್ಬರ ಒಂದು ಮಧ್ಯಾಹ್ನವನ್ನು ಗಮನಿಸಿ ಬರೆದರೆ ನಮ್ಮ ವ್ರತಗಳ ವಿವರಣೆಗಿಂತ ಅದು ಹೆಚ್ಚು ಹೇಳುತ್ತದೆ.

ತಪಸ್ಸುಕಾಲದಲ್ಲಿ ನಾನು ಮಾಡಿದ ತಪ್ಪು ಹಿಮದ ತಪ್ಪಿಗಿಂತ ದೊಡ್ಡದು. ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರ ಮತ್ತು ಯೇಸು ಶಿಲುಬೆಯಲ್ಲಿ ಸತ್ತ ಶುಭ ಶುಕ್ರವಾರಗಳ ಉಪವಾಸದ ನಿಯಮ 18ರಿಂದ 59 ವರ್ಷದವರಿಗೆ, ಮಾಂಸ ತ್ಯಜಿಸುವ ನಿಯಮ 14 ತುಂಬಿದವರಿಗೆ ಎಂದು ವಿವರಿಸಿ, ಒಂದು ಹೊತ್ತಿನ ಊಟ ಬಿಡುವುದರ ಸೊಗಸನ್ನು ಬಣ್ಣಿಸಿದ್ದೆ. ಕೇಳುತ್ತಿದ್ದವರಲ್ಲಿ ಕೆಲವರು ಬೆಳಗಿನ ಟೀ ಮೇಲೆಯೇ ಮಧ್ಯಾಹ್ನದವರೆಗೆ ಕೆಲಸ ಮಾಡುವವರೆಂದು ನನಗೆ ಆಮೇಲೆ ತಿಳಿಯಿತು. ವಿಭೂತಿ ಬುಧವಾರದ ನಂತರದ ಶುಕ್ರವಾರ ಶ್ರೀಸಭೆ ಯೆಶಾಯನ 58ನೇ ಅಧ್ಯಾಯವನ್ನು ಓದಿಸುತ್ತದೆ. ಪ್ರಭು ಮೆಚ್ಚುವ ಉಪವಾಸವೆಂದರೆ ನೊಗವನ್ನು ಮುರಿಯುವುದು, ಹಸಿದವರೊಡನೆ ಅನ್ನ ಹಂಚಿಕೊಳ್ಳುವುದು ಎಂದು ಅಲ್ಲಿದೆ. ಈಗ ನಾನು ಉಪವಾಸದ ಚಿಂತನೆಯನ್ನು ಆ ವಾಚನದಿಂದಲೇ ಆರಂಭಿಸುತ್ತೇನೆ. ಕೇಳುವವರ ತಟ್ಟೆಯಲ್ಲಿ ಏನಿದೆ ಎಂದು ತಿಳಿಯದೆ ತ್ಯಾಗದ ಬಗ್ಗೆ ಬರೆಯಬೇಡಿ.

ಈ ಕಾಲದ ನಡುವೆ ಮಾರ್ಚ್ 19ರ ಸಂತ ಜೋಸೆಫರ ಮಹೋತ್ಸವ ಬರುತ್ತದೆ. 1963ರಲ್ಲಿ ಸ್ಥಾಪನೆಯಾದ, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳನ್ನು ಒಳಗೊಂಡಿರುವ ನಮ್ಮ ಧರ್ಮಕ್ಷೇತ್ರದ (ಬಿಷಪರ ಆಡಳಿತ ಪ್ರದೇಶದ) ಪ್ರಧಾನಾಲಯ ಅವರ ಹೆಸರಿನದೇ. ನಾಲ್ಕು ಶುಭಸಂದೇಶಗಳಲ್ಲಿ ಜೋಸೆಫರ ಬಾಯಿಂದ ಒಂದು ಮಾತೂ ಬಂದಿಲ್ಲ. ಅವರ ಹಬ್ಬದ ಚಿಂತನೆ ಎಲ್ಲಕ್ಕಿಂತ ಚಿಕ್ಕದಾಗಿರಲಿ.

ಶುಭ ಶುಕ್ರವಾರಕ್ಕೂ ಈಸ್ಟರಿಗೂ ನಡುವಿನ ಪವಿತ್ರ ಶನಿವಾರದ ಬಗ್ಗೆ ಬರೆಯುವವರು ಕಡಿಮೆ, ನಮ್ಮ ಸೀಮೆಗೆ ಅದಕ್ಕಿಂತ ಹತ್ತಿರದ ದಿನ ಇನ್ನೊಂದಿಲ್ಲ. ಅಂದು ರಾತ್ರಿಯ ಜಾಗರಣೆಯವರೆಗೆ ಬಲಿಪೂಜೆ ಇಲ್ಲ. ಪೀಠದ ಮೇಲೆ ಬಟ್ಟೆ ಇಲ್ಲ. ಪರಮಪ್ರಸಾದದ ಪೆಟ್ಟಿಗೆ ಬಾಗಿಲು ತೆರೆದುಕೊಂಡು ಖಾಲಿಯಾಗಿರುತ್ತದೆ. ಅದೇ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ತೋಟದವರು ಹೂಮಳೆಗಾಗಿ ಕಾಯುತ್ತಿರುತ್ತಾರೆ. ಒಂದು ಗಿಡದ ಹತ್ತಿರ ಹೋಗಿ ಕೊಂಬೆಯನ್ನು ಎತ್ತಿ ನೋಡಿ: ಗೆಣ್ಣುಗೆಣ್ಣಿನಲ್ಲಿ, ಎಲೆಯ ಬುಡದಲ್ಲಿ, ಬೆರಳಿಗೆ ಗಟ್ಟಿಯಾಗಿ ತಾಗುವ ಮೊಗ್ಗುಗಳು ಗುಂಪುಗುಂಪಾಗಿ ನಿಂತಿರುತ್ತವೆ. ಅವು ಸತ್ತಿಲ್ಲ, ಬೆಳೆಯುತ್ತಲೂ ಇಲ್ಲ. ಎಲೆಗಳು ಬಿಸಿಲಿಗೆ ಜೋತು ಬಿದ್ದಿರುತ್ತವೆ. ಒಂದು ಹದವಾದ ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಇಡೀ ಇಳಿಜಾರು ಒಂದೇ ಬೆಳಗಿನಲ್ಲಿ ಬಿಳಿಯಾಗಿ, ಮಲ್ಲಿಗೆಯಂಥ ಪರಿಮಳ ರಸ್ತೆಗೂ ಬರುತ್ತದೆ. ಎರಡು ಮೂರು ದಿನಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ.

ಇಲ್ಲಿ ಕೈ ತಡೆಯಬೇಕು. ಆ ಹೂವನ್ನು ಕಂಡೊಡನೆ ಪುನರುತ್ಥಾನವೆಂದು ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಹೂವು ಪ್ರತಿ ವರ್ಷ ಬರುತ್ತದೆ, ಬಾಡುತ್ತದೆ. ಪುನರುತ್ಥಾನ ಋತುವಿನ ಮರುಕಳಿಕೆಯಲ್ಲ, ಒಮ್ಮೆ ಆಗಿ ಮತ್ತೆ ಬಾಡದೆ ಉಳಿದದ್ದು ಎಂಬುದೇ ನಮ್ಮ ವಿಶ್ವಾಸ. ಆದ್ದರಿಂದ ನಾನು ಹೂವನ್ನು ಬಿಟ್ಟು ಮೊಗ್ಗನ್ನು ತೆಗೆದುಕೊಳ್ಳುತ್ತೇನೆ, ಅದನ್ನು ಶನಿವಾರಕ್ಕೆ ಇಡುತ್ತೇನೆ. ಮಳೆ ತರಿಸುವುದು ಗಿಡದ ಕೈಯಲ್ಲಿಲ್ಲ. ಈಗ ಕೆಲವು ತೋಟಗಳಲ್ಲಿ ಕೆರೆಯ ನೀರನ್ನು ಸ್ಪ್ರಿಂಕ್ಲರಿನಿಂದ ಹಾಯಿಸಿ ಹೂ ಬಿಡಿಸುತ್ತಾರೆ, ನಿಜ. ಅದನ್ನು ಕೇಳುಗರೇ ನಿಮಗೆ ನೆನಪಿಸಿಯಾರು, ಅದಕ್ಕೂ ಸಿದ್ಧರಾಗಿರಿ.

ಪಾಸ್ಖ ಭಾನುವಾರದ ಚಿಂತನೆಯನ್ನು ಘೋಷಣೆಯಿಂದ ಆರಂಭಿಸದೆ ಗೊಂದಲದಿಂದ ಆರಂಭಿಸಿ. ಯೊವಾನ್ನರ 20ನೇ ಅಧ್ಯಾಯದಲ್ಲಿ ಇನ್ನೂ ಕತ್ತಲಿರುವಾಗಲೇ ಮಗ್ದಲದ ಮರಿಯಳು ಸಮಾಧಿಗೆ ಬರುತ್ತಾಳೆ, ಕಲ್ಲು ಸರಿದಿರುವುದನ್ನು ಕಂಡು ಯಾರೋ ಪ್ರಭುವನ್ನು ಒಯ್ದಿದ್ದಾರೆಂದು ಓಡುತ್ತಾಳೆ. ಆಕೆಯ ಜುಲೈ 22ರ ಸ್ಮರಣೆಯನ್ನು 2016ರಲ್ಲಿ ಹಬ್ಬದ ದರ್ಜೆಗೆ ಏರಿಸಲಾಯಿತು. ಅಂದು ನಮ್ಮಲ್ಲಿ ಜಡಿಮಳೆ, ಕರೆಂಟೂ ಇರುವುದಿಲ್ಲ, ಮೇಣದ ಬತ್ತಿಯ ಬೆಳಕಿನಲ್ಲಿ ಓದಲು ಅದಕ್ಕಿಂತ ಒಳ್ಳೆಯ ಅಧ್ಯಾಯ ಸಿಗದು. ಪಾಸ್ಖ ಕಾಲ ಪೆಂತಕೋಸ್ತಿನವರೆಗೆ 50 ದಿನ ಎಂಬುದನ್ನು ಮರೆಯಬೇಡಿ. ತಪಸ್ಸುಕಾಲದ 40 ದಿನ ಬರೆದು ದಣಿದು ಇಲ್ಲಿ ಲೇಖನಿ ಕೆಳಗಿಡುವುದು ನಮ್ಮೆಲ್ಲರ ದೌರ್ಬಲ್ಯ.

ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನದ ಹಬ್ಬ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕುಟುಂಬಗಳಿಗೆ ತೆನೆಹಬ್ಬ. ಒಂಬತ್ತು ದಿನ ಮಕ್ಕಳು ಹೂ ಅರ್ಪಿಸುತ್ತಾರೆ, ಹಬ್ಬದಂದು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಒಯ್ದು, ಕಾಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಹಂಚಿ, ಬಾಳೆಲೆಯಲ್ಲಿ ಸಸ್ಯಾಹಾರದ ಊಟ ಮಾಡುತ್ತಾರೆ. ಆದರೆ ಮಲೆನಾಡಿನ ಗದ್ದೆಗಳಲ್ಲಿ ಆಗ ನಾಟಿಯಾಗಿ ಹೆಚ್ಚು ಕಾಲವಾಗಿರುವುದಿಲ್ಲ. ನಮ್ಮ ಧರ್ಮಕೇಂದ್ರಕ್ಕೆ ತೆನೆ ಎಷ್ಟೋ ವರ್ಷ ಘಟ್ಟದ ಕೆಳಗಿನಿಂದಲೇ ಬಂದಿದೆ. ಇದನ್ನು ಮುಚ್ಚಿಡದೆ ಬರೆಯಿರಿ.

ಅಂದಿನ ಶುಭಸಂದೇಶ ಮತ್ತಾಯನ ವಂಶಾವಳಿ. ಉದ್ದವಾಯಿತೆಂದು ಹೆಸರುಗಳನ್ನು ಬಿಟ್ಟು ಓದಲು ಅವಕಾಶವಿದೆ. ಚಿಂತನೆ ಬರೆಯುವವರು ಬಿಡಬಾರದು. ಆ ಗಂಡಸರ ಸಾಲಿನ ನಡುವೆ ತಾಮಾರ್, ರಾಹಾಬ, ರೂತ್, ಊರೀಯನ ಹೆಂಡತಿ ಎಂದು ನಾಲ್ವರು ಹೆಂಗಸರು ಬಂದು, ಐದನೆಯವರಾಗಿ ಮರಿಯಮ್ಮನವರು ಬರುತ್ತಾರೆ. ರೂತಳು ಮೋವಾಬ್ ನಾಡಿನ ವಿಧವೆ. ಬೆತ್ಲೆಹೇಮಿನ ಹೊಲದಲ್ಲಿ ಕೊಯ್ಲಿನವರ ಹಿಂದೆ ನಡೆದು ಹಕ್ಕಲು, ಅಂದರೆ ಬಿಟ್ಟುಹೋದ ತೆನೆ, ಆಯ್ದವಳು. ಹಕ್ಕಲು ಎಂಬ ಮಾತು ನಮ್ಮಲ್ಲಿ ಇನ್ನೂ ಬದುಕಿದೆ. ಕಾಫಿ ಕೊಯ್ಲು ಮುಗಿದ ಮೇಲೆ ಬುಡದಲ್ಲಿ ಉದುರಿದ ಹಣ್ಣನ್ನು, ಕಾಯಿಕೊರಕ ಹುಳು ಅದರಲ್ಲಿ ಉಳಿದು ಮುಂದಿನ ಫಸಲಿಗೆ ಹಬ್ಬದಿರಲೆಂದು, ಬಾಗಿ ಬಾಗಿ ಆಯುವವರೂ ಹೆಂಗಸರೇ. ಪೀಠದ ಮೇಲಿನ ತೆನೆಯಿಂದ ಆರಂಭಿಸಿ ರೂತಳ ಮಡಿಲಿನವರೆಗೆ ಹೋದರೆ, ಹೊರಗಿನಿಂದ ಬಂದ ತೆನೆಯೂ ಹೊರಗಿನಿಂದ ಬಂದ ಸೊಸೆಯೂ ಒಂದೇ ಹಾಳೆಯಲ್ಲಿ ಕುಳಿತುಕೊಳ್ಳುತ್ತವೆ.

ನವೆಂಬರ್ 2ರ ಮೃತರ ಸ್ಮರಣೆಗೆ ಹಾಸನದ ಕಡೆಯವರು ಶೆಟ್ಟಿಹಳ್ಳಿಯ ಇಗರ್ಜಿಯನ್ನು ತರದೆ ಬಿಡುವುದಿಲ್ಲ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ಇಗರ್ಜಿ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ ಬೇಸಿಗೆಗೆ ಹೊರಬರುತ್ತದೆ. ಚಿತ್ರ ತೆಗೆಯುವವರಿಗೆ ಕಮಾನುಗಳು ಸಾಕು. ಚಿಂತನೆ ಬರೆಯುವವರು ಅಲ್ಲಿಂದ ಎದ್ದು ಹೋಗಬೇಕಾಗಿ ಬಂದ ಊರಿನವರ ಬಗ್ಗೆ ಬರೆಯಬೇಕು. ಇಲ್ಲವಾದರೆ ಆ ಇಗರ್ಜಿಯನ್ನು ಮುಟ್ಟಬೇಡಿ.

ಬರೆದ ಮೇಲೆ 350 ಪದಗಳಿಗೆ ಇಳಿಸಿ. ಮಠದ ಅಡುಗೆಮನೆಯಲ್ಲಿ ಕೆಲಸ ಮಾಡುವ ಯಾರಿಗಾದರೂ, ಅವರು ಕೆಲಸ ನಿಲ್ಲಿಸದೆಯೇ ಕೇಳುವಂತೆ, ಗಟ್ಟಿಯಾಗಿ ಓದಿ. ಯಾವ ಸಾಲಿಗೆ ಅವರ ಕೈ ಒಂದು ಗಳಿಗೆ ನಿಂತಿತೋ ಆ ಸಾಲನ್ನು ಉಳಿಸಿಕೊಂಡು ಅದರ ಸುತ್ತಲಿನದನ್ನು ಕತ್ತರಿಸಿ. ಹಾಳೆಯ ಮೇಲೆ ಇಸವಿಯನ್ನೂ, ಎ, ಬಿ, ಸಿ ಎಂಬುದನ್ನೂ, ಆ ವಾರ ಮಳೆ ಬಂದಿತ್ತೋ ಇಲ್ಲವೋ ಎಂಬುದನ್ನೂ ಗುರುತು ಹಾಕಿ ಫೈಲಿನಲ್ಲಿಡಿ. ಮೂರು ವರ್ಷಕ್ಕೆ ಅದೇ ವಾಚನ ಮರಳಿ ಬರುತ್ತದೆ. ಆಗ ಹಳೆಯ ಹಾಳೆಯನ್ನು, ಹೊಸತನ್ನು ಬರೆದು ಮುಗಿಸಿದ ಮೇಲೆ ಮಾತ್ರ ತೆಗೆದು ನೋಡಿ.