ಬೀದರಿನಲ್ಲಿ ಅಧ್ಯಯನ ಕೂಟ: ಕಟ್ಟುವ ಬಗೆ, ನಡೆಸುವ ಬಗೆ

ಕಲೆ, ವಿಚಾರ ಮತ್ತು ನಗರದ ಬದುಕನ್ನು ಒಟ್ಟಿಗೆ ಕಲಿಯಬೇಕೆಂಬ ಆಸೆಯುಳ್ಳ ಏಳೆಂಟು ಜನರು ಬೀದರಿನಲ್ಲಿ ಸಿಗುವುದು ಕಷ್ಟವಲ್ಲ. ಅವರನ್ನು ಆರು ತಿಂಗಳು ಒಟ್ಟಿಗೆ ಉಳಿಸಿಕೊಳ್ಳುವುದು ಕಷ್ಟ. ಇಂಥ ಕೂಟಗಳು ಹಣವಿಲ್ಲದೆ ನಿಂತುಹೋಗುವುದಕ್ಕಿಂತ, ತಿಳಿದವರೊಬ್ಬರು ಮಾತಾಡುತ್ತ ಹೋಗಿ ಉಳಿದವರೆಲ್ಲ ಕೇಳುಗರಾಗಿಬಿಡುವುದರಿಂದ ನಿಂತುಹೋಗುವುದೇ ಹೆಚ್ಚು. ಆದ್ದರಿಂದ ಕೆಳಗಿನ ಕ್ರಮಗಳೆಲ್ಲವೂ ಎರಡು ಕಟ್ಟುಪಾಡುಗಳ ಸುತ್ತ ಇವೆ: ಮಾತು ಸರದಿಯಂತೆ ಎಲ್ಲರಿಗೂ ಬರಬೇಕು, ಮತ್ತು ಓದು ಕಣ್ಣೆದುರಿನ ವಸ್ತುವಿನಿಂದ ಹುಟ್ಟಬೇಕು.

ಹಳೆಯ ಬೀದರ್ ಈ ಎರಡನೆಯದಕ್ಕೆ ಹೇಳಿ ಮಾಡಿಸಿದ ಊರು. ಊರ ನಡುವಿನ ಗೋಪುರವಾದ ಚೌಬಾರಾದಲ್ಲಿ ಕೂಡುವ ರಸ್ತೆಗಳ ಸುತ್ತ ಸಿದ್ದೀಕ್ ಶಾ, ನೂರ್ ಖಾನ್, ಮನಿಯಾರ್ ಮತ್ತು ಪನ್ಸಾಲ್ ತಾಲೀಮುಗಳ (ಗರಡಿಮನೆಗಳ) ಹೆಸರಿನ ನಾಲ್ಕು ಭಾಗಗಳಿವೆ. ಮೊದಲ ಕೆಲವು ಭೇಟಿಗಳಿಗೆ ಇವುಗಳಲ್ಲಿ ಒಂದನ್ನೇ ಆರಿಸಿಕೊಂಡು ಅಲ್ಲಿಯೇ ಉಳಿಯಿರಿ. ಇಡೀ ಊರನ್ನು ಒಮ್ಮೆಗೇ ಅಳೆಯಲು ಹೊರಟರೆ ಪ್ರವಾಸವಾದೀತೇ ಹೊರತು ಅಧ್ಯಯನವಾಗದು. ಬಸವಕಲ್ಯಾಣ ಇದೇ ಜಿಲ್ಲೆಯಲ್ಲಿರುವುದರಿಂದ ಮೊದಲ ಸಭೆಯಲ್ಲಿ ಯಾರಾದರೊಬ್ಬರು ಅನುಭವ ಮಂಟಪದ ಮಾತು ತೆಗೆದೇ ತೆಗೆಯುತ್ತಾರೆ. ತೆಗೆಯಲಿ, ಆದರೆ ಅದು ಅಭಿಮಾನದ ಭಾಷಣವಾಗುವ ಮೊದಲು ಬೇರೆ ಬೇರೆ ಕಾಯಕದವರ ನಾಲ್ಕೈದು ವಚನಗಳನ್ನು ಮಾತು ತೆಗೆದವರಿಂದಲೇ ಓದಿಸಿ, ಅರ್ಥದ ಚರ್ಚೆಗೆ ಎಲ್ಲರನ್ನೂ ಎಳೆಯಿರಿ.

ಒಂದು ಭೇಟಿಗೆ ಎರಡೂವರೆ ಗಂಟೆ ಸಾಕು. ಮೊದಲ ಒಂದು ಗಂಟೆ ನೋಡುವುದಕ್ಕೆ, ಮುಂದಿನ ಅರ್ಧ ಗಂಟೆ ಮಾತಿಲ್ಲದೆ ಬರೆಯುವುದಕ್ಕೆ ಅಥವಾ ಚಿತ್ರಿಸುವುದಕ್ಕೆ, ಉಳಿದದ್ದು ಓದಿಗೆ ಮತ್ತು ಚರ್ಚೆಗೆ. ಓದಿಗೆ ತರುವ ಬರಹ ನಾಲ್ಕು ಪುಟ ಮೀರದಿರಲಿ. ಒಬ್ಬೊಬ್ಬರು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಲಿ. ಬರಹವನ್ನು ಆರಿಸಿ ತಂದವರು ಎಲ್ಲರಿಗಿಂತ ಕೊನೆಗೆ ಮಾತಾಡಬೇಕೆಂಬ ನಿಯಮವನ್ನು ಮೊದಲ ದಿನವೇ ಮಾಡಿಕೊಳ್ಳಿ. ಈ ಒಂದು ನಿಯಮದಿಂದ ಕೂಟದ ಸ್ವಭಾವವೇ ಬದಲಾಗುತ್ತದೆ, ಏಕೆಂದರೆ ತಂದವರ ವ್ಯಾಖ್ಯಾನಕ್ಕೆ ಕಾಯುವ ಅವಕಾಶ ಉಳಿದವರಿಗೆ ಇರುವುದಿಲ್ಲ. ಶಿಕ್ಷಕರಿಲ್ಲದ ಕಲಿಕೆ ಹೊಸದೇನೂ ಅಲ್ಲ: ಸ್ವೀಡನ್ನಿನ ಲುಂಡ್ ನಗರದಲ್ಲಿ 1902ರಲ್ಲಿ ಆಸ್ಕರ್ ಓಲ್ಸನ್ ಆರಂಭಿಸಿದ ಅಧ್ಯಯನ ಕೂಟಗಳು ಪಾನನಿರೋಧ ಚಳವಳಿಯ ಸಾಮಾನ್ಯ ಜನರ ನಡುವೆ ಬೆಳೆದಂಥವು.

ಮೊದಲ ವಿಷಯವಾಗಿ ಬಿದರಿ ಕೆಲಸವನ್ನು ತೆಗೆದುಕೊಳ್ಳುವುದು ಒಳ್ಳೆಯದು. ಬಹುಪಾಲು ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಗೆರೆ ಕಾಣುವಂತೆ ಮೈಲುತುತ್ತದ ದ್ರಾವಣ ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂಡಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿದಾಗ ಲೋಹವೆಲ್ಲ ಶಾಶ್ವತವಾಗಿ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇದನ್ನು ಒಂದು ಮಧ್ಯಾಹ್ನ ನೋಡಿದವರಿಗೆ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಇದು ಕಲೆಯೋ ಕಸುಬೋ, ವಿನ್ಯಾಸ ಯಾರದ್ದು, ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಿಕೆ (ಜಿಐ) ದೊರೆತ ಮೇಲೆ ಕೂಲಿಯ ಲೆಕ್ಕ ಬದಲಾಯಿತೇ, 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಬಂದ ಪದ್ಮಶ್ರೀಯಂಥ ಗೌರವದಿಂದ ಪಕ್ಕದ ಅಂಗಡಿಯ ಕುಶಲಕರ್ಮಿಗೆ ಏನಾದೀತು ಎಂಬ ಪ್ರಶ್ನೆಗಳ ನಂತರವಷ್ಟೇ ಶ್ರಮ ಮತ್ತು ಸೌಂದರ್ಯದ ಕುರಿತ ಸಿದ್ಧಾಂತದ ಬರಹವನ್ನು ಕೈಗೆತ್ತಿಕೊಳ್ಳಬೇಕು. ಕುಶಲಕರ್ಮಿಯ ಸಮಯವೂ ದುಡಿಮೆಯೇ. ಅವರ ಅರ್ಧ ದಿನ ತೆಗೆದುಕೊಂಡರೆ ಅರ್ಧ ದಿನದ ಗಳಿಕೆಯನ್ನು ಕೊಡಿ, ಮತ್ತು ಕೇಳದೆ ವಿನ್ಯಾಸದ ಫೋಟೋ ತೆಗೆಯಬೇಡಿ.

ಚಿತ್ರ ಬರೆಯಲು ಬಾರದವರಿಗೂ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಒಳ್ಳೆಯ ಅಭ್ಯಾಸ. 1472ರ ಈ ಕಟ್ಟಡದ ಮುಂಭಾಗದ ಒಂದು ಪಾರ್ಶ್ವ 1696ರ ಸಿಡಿಮದ್ದಿನ ಸ್ಫೋಟದಲ್ಲಿ ಹಾರಿಹೋಯಿತು. ಒಂದು ಮಿನಾರು ಮತ್ತು ಬಣ್ಣದ ಹೆಂಚಿನ ಅಲಂಕಾರದ ಒಂದಿಷ್ಟು ಭಾಗ ಉಳಿದಿವೆ. ಉಳಿದದ್ದನ್ನು ನೋಡಿ ಇಲ್ಲದ ಅರ್ಧವನ್ನು ಪ್ರತಿಯೊಬ್ಬರೂ ಕಾಗದದ ಮೇಲೆ ಬರೆಯಲಿ, ಆಮೇಲೆ ಎಲ್ಲ ಹಾಳೆಗಳನ್ನು ಸಾಲಾಗಿ ಇಟ್ಟು, ಬಿದ್ದದ್ದನ್ನು ಮತ್ತೆ ಕಟ್ಟಬೇಕೇ, ಬಿದ್ದ ಹಾಗೆಯೇ ಕಾಪಾಡಬೇಕೇ ಎಂದು ವಾದಿಸಲಿ. ಸಂರಕ್ಷಣೆಯ ಕುರಿತ ಬರಹ ಆಗ ಅರ್ಥವಾಗುವಷ್ಟು ಬೇರಾವಾಗಲೂ ಆಗದು. ಸಂರಕ್ಷಿತ ಸ್ಮಾರಕದೊಳಗೆ ಮೈಕು, ಬ್ಯಾನರು, ಕುರ್ಚಿ ಹಾಕಿ ಸಭೆ ನಡೆಸಲು ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಅನುಮತಿ ಬೇಕೆಂಬುದು ನೆನಪಿರಲಿ. ನೋಟ್‌ಬುಕ್ಕು ಹಿಡಿದು ಬರುವ ಚಿಕ್ಕ ಗುಂಪಾಗಿಯೇ ಇರಿ.

ಅಲ್ಲಿಂದ ಕಾನೂನಿಗೆ ಬರುವುದು ಸಹಜ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯಂತೆ ಸಂರಕ್ಷಿತ ಪ್ರದೇಶದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಟೇಪು ಹಿಡಿದು ಆ 100 ಮೀಟರನ್ನು ಓಣಿಯಲ್ಲಿ ನಡೆದು ಗುರುತಿಸಿ, ಒಳಗೆ ಬರುವ ಮನೆಗಳ ನಕ್ಷೆಯನ್ನು ಕೈಯಿಂದ ಬರೆಯಿರಿ. ಛಾವಣಿ ದುರಸ್ತಿಗೂ ಅನುಮತಿಗಾಗಿ ಅಲೆಯುವ ನಿವಾಸಿಯೊಬ್ಬರನ್ನು ಕೂಟಕ್ಕೆ ಕರೆದು, ಕಾಯ್ದೆಯ ಸಾಲುಗಳನ್ನು ಅವರೊಂದಿಗೇ ಓದಿ. ದಾಖಲೆ ಬೇಕಾದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಉತ್ತರಕ್ಕೆ 30 ದಿನಗಳ ಗಡುವಿದೆ. ನೆಲದಡಿಯ ಸುರಂಗದಲ್ಲಿ ನೀರು ಹರಿಸುವ ಹಳೆಯ ವ್ಯವಸ್ಥೆಯಾದ ನೌಬಾದಿನ ಸುರಂಗ ಬಾವಿಯನ್ನು ನೀರಿನ ವಿಷಯಕ್ಕಾಗಿ ಇಟ್ಟುಕೊಳ್ಳಬಹುದು.

ಭಾಷೆಯ ವಿಷಯದಲ್ಲಿ ಹಟ ಬೇಡ. ಕನ್ನಡದಲ್ಲಿ ಓದಿ, ದಖನಿಯಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಮಾತಾಡುವವರನ್ನು ಮಾತಾಡಲು ಬಿಟ್ಟು, ಪಕ್ಕದಲ್ಲಿ ಕುಳಿತವರು ಸಾರ ಹೇಳಿದರಾಯಿತು. ಹೆಂಗಸರು ಬರಬೇಕೆಂದರೆ ಸಮಯವನ್ನು ಅವರೇ ನಿಗದಿ ಮಾಡಲಿ. ರಾತ್ರಿ ಚಹಾದಂಗಡಿಯ ಮುಂದೆ ಸೇರುವ ಕೂಟದ ಬಾಗಿಲು ಅರ್ಧ ಊರಿಗೆ ಮುಚ್ಚಿದಂತೆಯೇ. ಬೇಸಿಗೆಯಲ್ಲಿ ನಡಿಗೆ ಬೆಳಗಿನ ಒಂಬತ್ತರೊಳಗೆ ಮುಗಿಯಲಿ.

ಪ್ರತಿ ಭೇಟಿಯ ನಡಾವಳಿ ಮತ್ತು ಖರ್ಚನ್ನು ಒಂದೇ ದಪ್ಪ ಪುಸ್ತಕದಲ್ಲಿ ಬರೆಯಿರಿ; ಬರೆಯುವವರು ಪ್ರತಿ ಬಾರಿ ಬದಲಾಗಲಿ, ಮತ್ತು ಪುಸ್ತಕ ಅವರ ಮನೆಯಲ್ಲೇ ಮುಂದಿನ ಭೇಟಿಯವರೆಗೆ ಇರಲಿ. ಝೆರಾಕ್ಸಿಗೆ ಮತ್ತು ಕುಶಲಕರ್ಮಿಗಳಿಗೆ ಕೊಡುವ ಹಣಕ್ಕೆ ಎಲ್ಲರೂ ತಮ್ಮ ಶಕ್ತ್ಯಾನುಸಾರ ಹಾಕಲಿ. ಯಾರು ಎಷ್ಟು ಹಾಕಿದರೆಂದು ಓದಿ ಹೇಳುವ ಅಗತ್ಯವಿಲ್ಲ, ಒಟ್ಟು ಮೊತ್ತ ಮತ್ತು ಖರ್ಚನ್ನಷ್ಟೇ ಹೇಳಿ. ಸಂಘವಾಗಿ ನೋಂದಾಯಿಸಬೇಕೆಂಬ ಸಲಹೆ ಬೇಗನೆ ಬರುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನರಿದ್ದರೆ ಅದು ಸಾಧ್ಯ, ಆದರೆ ನೋಂದಣಿಯೊಂದಿಗೆ ಅಧ್ಯಕ್ಷರು, ಕಾರ್ಯದರ್ಶಿ ಮತ್ತು ವಾರ್ಷಿಕ ಲೆಕ್ಕಪತ್ರಗಳೂ ಬರುತ್ತವೆ. ಬ್ಯಾಂಕ್ ಖಾತೆ ಅನಿವಾರ್ಯವಾಗುವಷ್ಟು ಹಣ ಕೈಯಲ್ಲಿ ಓಡಾಡುವವರೆಗೆ ಅದನ್ನು ಮುಂದೂಡಿ.