ಡಯಾಲಿಸಿಸ್ ಇಲ್ಲದ ದಿನ: ಉಪ್ಪು, ನೀರು, ಬಸ್ಸಾರು, ಫಿಸ್ಟುಲಾ ಕೈ

ಇದು ಹೀಮೋಡಯಾಲಿಸಿಸ್ (ಯಂತ್ರದ ಮೂಲಕ ರಕ್ತ ಶುದ್ಧಿ) ಮಾಡಿಸಿಕೊಳ್ಳುತ್ತಿರುವವರಿಗೆ, ಅವರಿಗೆ ಅಡುಗೆ ಮಾಡಿ ಬಡಿಸುವವರಿಗೆ. ಕಿಡ್ನಿ ಕಾಯಿಲೆ ಇದ್ದೂ ಡಯಾಲಿಸಿಸ್ ಹಂತಕ್ಕೆ ಬಾರದವರ ನೀರು, ಪ್ರೋಟೀನ್ ಲೆಕ್ಕವೇ ಬೇರೆ. ಕೆಳಗಿನವು ಸಾಮಾನ್ಯ ಅಳತೆಗಳು. ನಿಮ್ಮ ಮಿತಿಯನ್ನು ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ರಕ್ತಪರೀಕ್ಷೆ ನೋಡಿ ಏರಿಳಿಸುತ್ತಾರೆ.

ಮೊದಲು ಉಪ್ಪು, ಆಮೇಲೆ ನೀರು. ಮನೆಯವರು ಸಾಮಾನ್ಯವಾಗಿ ನೀರಿನ ಲೋಟಕ್ಕೆ ಕಾವಲು ಕೂರುತ್ತಾರೆ, ಊಟಕ್ಕೆ ಮಾತ್ರ ಉಪ್ಪಿನಕಾಯಿ ಬಡಿಸುತ್ತಾರೆ. ಉಪ್ಪು ಒಳಗೆ ಹೋದಮೇಲೆ ಬಾಯಾರಿಕೆ ತಡೆಯುವುದು ಯಾರಿಂದಲೂ ಆಗದು, ಬೈದು ಪ್ರಯೋಜನವಿಲ್ಲ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ತಲೆತಟ್ಟಿದ ಒಂದು ಚಿಕ್ಕ ಚಮಚ ಉಪ್ಪು ಮೀರಬಾರದು. ಅಷ್ಟನ್ನು ಬೆಳಗ್ಗೆಯೇ ಒಂದು ಪುಟ್ಟ ಡಬ್ಬಿಗೆ ಹಾಕಿಡಿ. ರೋಗಿಯ ಪಾಲಿನ ಸಾರು, ಪಲ್ಯ ಉಪ್ಪಿಲ್ಲದೆ ತೆಗೆದಿಟ್ಟು, ತಟ್ಟೆಗೆ ಬಡಿಸುವಾಗ ಆ ಡಬ್ಬಿಯಿಂದಲೇ ಹಾಕಿ. ಒಗ್ಗರಣೆಗೆ ಇಂಗು, ಜೀರಿಗೆ, ಮೆಣಸು ಧಾರಾಳವಾಗಿರಲಿ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಬೇಡವೇ ಬೇಡ. ಸೈಂಧವ ಲವಣವೂ ಉಪ್ಪೇ. ‘ಲೋ ಸೋಡಿಯಂ’ ಉಪ್ಪಂತೂ ಇನ್ನೂ ಅಪಾಯ: ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ, ಸೋತ ಕಿಡ್ನಿ ಪೊಟ್ಯಾಸಿಯಂ ಹೊರಹಾಕಲಾರದು.

ನೀರಿನ ಲೆಕ್ಕ ಹೀಗೆ. ಹಿಂದಿನ 24 ಗಂಟೆಯಲ್ಲಿ ಹೋದ ಮೂತ್ರಕ್ಕೆ 500 ಮಿ.ಲೀ. ಸೇರಿಸಿ. ಮೂತ್ರ 200 ಆಗಿದ್ದರೆ ಇಂದಿನ ಪಾಲು 700 ಮಿ.ಲೀ. ಅಷ್ಟು ನೀರನ್ನು ಒಂದು ಬಾಟಲಿಗೆ ತುಂಬಿ. ಕಾಫಿ, ಮಜ್ಜಿಗೆ, ಗಂಜಿ, ಸಾರು ಏನೇ ಕುಡಿದರೂ ಅದೇ ಅಳತೆಯ ನೀರನ್ನು ಬಾಟಲಿಯಿಂದ ಚೆಲ್ಲಿ. ಬಾಟಲಿ ಖಾಲಿಯಾದರೆ ಅವತ್ತಿನ ಪಾಲು ಮುಗಿಯಿತು. ಮಾತ್ರೆ ನುಂಗುವ ನೀರನ್ನೂ ಇದರಲ್ಲೇ ಹಿಡಿಯಬೇಕು. ಸಕ್ಕರೆ ಕಾಯಿಲೆಯವರಿಗೆ ಶುಗರ್ ಏರಿದರೂ ಬಾಯಾರುತ್ತದೆ.

ದಿನಾ ಬೆಳಗ್ಗೆ ತಿಂಡಿಗೆ ಮುಂಚೆ ಒಂದೇ ಮಷೀನಿನಲ್ಲಿ ತೂಕ ನೋಡಿ ಬರೆದಿಡಿ. ಡಯಾಲಿಸಿಸ್ ಯಂತ್ರ ಗಂಟೆಗೆ ಕೆ.ಜಿ. ತೂಕವೊಂದಕ್ಕೆ ಸುಮಾರು 13 ಮಿ.ಲೀ.ಗಿಂತ ವೇಗವಾಗಿ ನೀರೆಳೆದರೆ ಬಿಪಿ ಕುಸಿಯುವುದು, ಮೀನಖಂಡ ಸೆಳೆಯುವುದು ಹೆಚ್ಚು. 60 ಕೆ.ಜಿ. ಇರುವವರಿಗೆ ನಾಲ್ಕು ಗಂಟೆಯಲ್ಲಿ ಅದು 3 ಲೀಟರ್ ಚಿಲ್ಲರೆ. ಆದ್ದರಿಂದ ಎರಡು ಡಯಾಲಿಸಿಸ್ ನಡುವೆ ಏರುವ ತೂಕವನ್ನು ಎರಡೂವರೆ ಕೆ.ಜಿ. ಒಳಗೇ ನಿಲ್ಲಿಸುವುದು ಲೇಸು. ವಾರದಲ್ಲಿ ಅತಿ ಉದ್ದದ ಬಿಡುವು ಬರುವ ದಿನಗಳಲ್ಲೇ ಎಡವಟ್ಟಾಗುವುದು ಜಾಸ್ತಿ. ಮಲಗಿದರೆ ಉಸಿರು ಕಟ್ಟುತ್ತದೆ, ಕೈಕಾಲಿನ ಶಕ್ತಿ ಉಡುಗಿದೆ ಎಂದರೆ ಮುಂದಿನ ಸರದಿಗೆ ಕಾಯದೆ ಹೊರಡಿ.

ಇನ್ನು ಪೊಟ್ಯಾಸಿಯಂ. ತರಕಾರಿ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ. ಕುಕ್ಕರಿನಲ್ಲಿ ಚೂರೇ ನೀರಿಟ್ಟು ಬೇಯಿಸಿ ಅದನ್ನೂ ಸಾರಿಗೆ ಸೇರಿಸಿದರೆ ಬಿಟ್ಟ ಪೊಟ್ಯಾಸಿಯಂ ವಾಪಸ್ ತಟ್ಟೆಗೇ ಬರುತ್ತದೆ. ಹಾಗಾಗಿ ಸೊಪ್ಪು, ಕಾಳು ಬೇಯಿಸಿದ ಕಟ್ಟಿನಿಂದಲೇ ಮಾಡುವ ಬಸ್ಸಾರು ರೋಗಿಗೆ ಸಲ್ಲದು. ಬಸಿದ ಪಲ್ಯ ಅವರಿಗೆ ಒಂದಿಷ್ಟು, ಸಾರು ಉಳಿದವರಿಗೆ. ಎಳನೀರು, ಬಾಳೆಹಣ್ಣು ಬಿಡಿ. ಬದಲಿಗೆ ಅರ್ಧ ಸೇಬು ಅಥವಾ ಎರಡು ಹೋಳು ಅನಾನಸ್. ರಾಗಿಯಲ್ಲಿ ಬಿಳಿ ಅಕ್ಕಿಗಿಂತ ಪೊಟ್ಯಾಸಿಯಂ, ರಂಜಕ (ಫಾಸ್ಫರಸ್) ಎರಡೂ ಹೆಚ್ಚು. ಮುದ್ದೆ ಬಿಡಲಾಗದವರು ಎಷ್ಟು ತಿನ್ನಬಹುದೆಂದು ಡಯಟಿಷಿಯನ್ ಬಳಿ ಕೇಳಿಕೊಳ್ಳಲಿ. ಧಾರೆಹುಳಿ (ಸ್ಟಾರ್ ಫ್ರೂಟ್) ಮಾತ್ರ ಹಣ್ಣು, ಜ್ಯೂಸ್, ಉಪ್ಪಿನಕಾಯಿ ಯಾವ ರೂಪದಲ್ಲೂ ಒಂದು ಚೂರೂ ಬೇಡ. ಕಿಡ್ನಿ ಸೋತವರಲ್ಲಿ ಅದರ ವಿಷ ಮಿದುಳಿಗೆ ತಟ್ಟಿ, ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗುತ್ತದೆ.

ಡಯಾಲಿಸಿಸ್ ಶುರುವಾದಮೇಲೂ ಹಳೆಯ ‘ಬೇಳೆ, ಮೊಟ್ಟೆ ಕಡಿಮೆ’ ಪಥ್ಯ ಮುಂದುವರಿಸುವ ಮನೆಗಳು ಬಹಳ. ಈಗ ಬೇಕಾದ್ದು ಅದಕ್ಕೆ ತದ್ವಿರುದ್ಧ: ದಿನಕ್ಕೆ ಕೆ.ಜಿ. ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯ ಬಿಳಿಭಾಗದಲ್ಲಿ ಸುಮಾರು ಮೂರೂವರೆ ಗ್ರಾಂ ಸಿಗುತ್ತದೆ. ಪ್ರೋಟೀನ್ ಸಾಲದೆ ಮಾಂಸಖಂಡ ಕರಗಿದ ಜಾಗಕ್ಕೆ ನೀರು ತುಂಬಿಕೊಂಡರೆ ತೂಕ ಹಾಗೇ ಕಾಣುತ್ತದೆ, ಡ್ರೈ ವೇಟ್ (ಹೆಚ್ಚುವರಿ ನೀರೆಲ್ಲ ತೆಗೆದಮೇಲಿನ ತೂಕ) ಲೆಕ್ಕ ತಪ್ಪಿರುತ್ತದೆ. ಬಟ್ಟೆ ಸಡಿಲವಾಗಿ ಕಾಲು ಊದುತ್ತಿದ್ದರೆ ಡಾಕ್ಟರಿಗೆ ಹೇಳಿ. ಊಟದ ರಂಜಕವನ್ನು ಹಿಡಿದಿಡುವ ಮಾತ್ರೆಯನ್ನು (ಫಾಸ್ಫೇಟ್ ಬೈಂಡರ್) ಊಟದ ಜೊತೆಗೇ ನುಂಗಬೇಕು. ಅದು ಕೆಲಸ ಮಾಡುವುದು ಹೊಟ್ಟೆಯಲ್ಲಿರುವ ಅನ್ನದ ಮೇಲೆ, ಖಾಲಿ ಹೊಟ್ಟೆಗೆ ವ್ಯರ್ಥ.

ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಎರಡು ರಕ್ತನಾಳ ಜೋಡಿಸಿದ ಜಾಗ) ಇರುವ ಕೈಯಲ್ಲಿ ಬಿಪಿ ನೋಡಿಸಬೇಡಿ, ರಕ್ತ ತೆಗೆಸಬೇಡಿ, ಬಿಗಿ ಬಳೆ, ವಾಚು ಹಾಕಬೇಡಿ, ತಲೆಯಡಿ ಇಟ್ಟು ಮಲಗಬೇಡಿ. ಬೆಳಗ್ಗೆ, ರಾತ್ರಿ ಬೆರಳಿಟ್ಟು ಜುಂ ಎನ್ನುವ ಕಂಪನ ಇದೆಯೇ ನೋಡಿ. ಅದು ನಿಂತಿದ್ದರೆ ಕೂಡಲೇ ಸೆಂಟರಿಗೆ ಫೋನ್ ಮಾಡಿ ಹೊರಡಿ, ಬೆಳಗಾಗಲಿ ಎನ್ನಬೇಡಿ. ಹೆಪ್ಪುಗಟ್ಟಿದ ರಕ್ತವನ್ನು ಬೇಗ ತೆಗೆದರಷ್ಟೇ ಫಿಸ್ಟುಲಾ ಉಳಿಯುವ ಸಾಧ್ಯತೆ. ಸೂಜಿ ಹಾಕಿದ ಜಾಗದಲ್ಲಿ ರಕ್ತ ಒಸರಿದರೆ ಶುದ್ಧ ಗಾಜ್ ಇಟ್ಟು ಎರಡು ಬೆರಳಲ್ಲಿ 15 ನಿಮಿಷ ಒತ್ತಿ ಹಿಡಿಯಿರಿ, ನಡುವೆ ಎತ್ತಿ ನೋಡಬೇಡಿ, ಸುತ್ತ ಬಿಗಿಯಾಗಿ ಕಟ್ಟಬೇಡಿ. ರಕ್ತ ಚಿಮ್ಮುತ್ತಿದ್ದರೆ ಒತ್ತಿ ಹಿಡಿದುಕೊಂಡೇ 108ಕ್ಕೆ ಕರೆ ಮಾಡಿಸಿ.